ಜೆನಿಫರ್ ಜೋನ್ಸ್ ಆರು ಸಲ ಕೆನಡಾ ಚಾಂಪಿಯನ್ ಆಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗಳ ಸಂಸಾರ ಕೆನಡಾದ ವಿನ್ನಿಪೆಗ್‌ನಲ್ಲಿದೆ. ಹತ್ತು ವರ್ಷದ ಮೊಮ್ಮಗಳು ಈ ಚಳಿಗಾಲದಲ್ಲಿ ಕರ್ಲಿಂಗ್ ಕ್ಲಬ್ ಸೇರಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಜೆನಿಫರ್ ಜೋನ್ಸ್ ಅನ್ನೋ ಹೆಸರೇ. ಆರು ಸಲ ಕೆನಡಾ ಚಾಂಪಿಯನ್, ಒಲಿಂಪಿಕ್ಸ್ ಚಿನ್ನ, ಜೊತೆಗೆ ವಕೀಲೆ, ಇಬ್ಬರು ಮಕ್ಕಳ ತಾಯಿ ಅಂತ ಹೇಳುತ್ತಾಳೆ. ನಾನೂ ವಿಡಿಯೊ ಹಾಕಿಕೊಂಡು ನೋಡಿದೆ. ಒಬ್ಬರು ಕಲ್ಲು ಜಾರಿಸುತ್ತಾರೆ, ಇಬ್ಬರು ಅದರ ಮುಂದೆ ಐಸ್ ಉಜ್ಜುತ್ತಾರೆ, ಇನ್ನೊಬ್ಬರು ದೂರದಲ್ಲಿ ನಿಂತು ಕೂಗುತ್ತಾರೆ. ಇದರಲ್ಲಿ ಒಬ್ಬರು ಅಷ್ಟು ದೊಡ್ಡ ಹೆಸರು ಮಾಡೋದು ಹೇಗೆ? ಅಷ್ಟು ವರ್ಷ ಆಡೋಕೆ ಆಗುತ್ತಾ? ಇದರಿಂದ ಹೊಟ್ಟೆ ತುಂಬುತ್ತಾ? — ದಾವಣಗೆರೆಯ ಓದುಗರು

ಉತ್ತರ:

ನಿಮ್ಮ ಮೊಮ್ಮಗಳು ಸರಿಯಾದ ಊರಿನಲ್ಲೇ ಇದ್ದಾಳೆ. ಜೆನಿಫರ್ ಜೋನ್ಸ್ ಹುಟ್ಟಿದ್ದು ವಿನ್ನಿಪೆಗ್‌ನಲ್ಲೇ, 1974ರ ಜುಲೈನಲ್ಲಿ. ಅಲ್ಲಿನ ಸೇಂಟ್ ವೈಟಲ್ ಕರ್ಲಿಂಗ್ ಕ್ಲಬ್ಬೇ ಅವರ ಮನೆಯಂಗಳ. ಅಪ್ಪ ಅಮ್ಮ ಆಡಲು ಹೋದಾಗ ಮಗುವೂ ಜೊತೆಗೆ ಹೋಗುವುದು ಆ ಊರಿನಲ್ಲಿ ಮಾಮೂಲಿ. ಜೋನ್ಸ್ ಕೂಡ ಹಾಗೇ ಶುರು ಮಾಡಿದವರು. 1994ರಲ್ಲಿ ಕೆನಡಾದ ಜೂನಿಯರ್ ಚಾಂಪಿಯನ್ ಆದರು. ಅವತ್ತು ತಂಡದಲ್ಲಿ ಜಿಲ್ ಆಫೀಸರ್ ಎಂಬ ಹುಡುಗಿ ಇದ್ದಳು. ಅದೇ ಜಿಲ್ ಇಪ್ಪತ್ತು ವರ್ಷದ ನಂತರ ಸೋಚಿ ಒಲಿಂಪಿಕ್ಸ್‌ನಲ್ಲೂ ಜೋನ್ಸ್ ಪಕ್ಕದಲ್ಲೇ ನಿಂತು ಚಿನ್ನದ ಪದಕ ಹಾಕಿಸಿಕೊಂಡರು. ಈ ಸಂಗತಿಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಜೋನ್ಸ್ ಅವರ ವೃತ್ತಿಜೀವನ ಅಂದರೆ ಹೆಚ್ಚಿನ ಪಾಲು ತಂಡ ಕಟ್ಟಿದ ಕಥೆ. ಕಲ್ಲು ಚೆನ್ನಾಗಿ ಬಿಡುವವರು ಕೆನಡಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಲ್ಕು ಜನರನ್ನು ವರ್ಷಗಟ್ಟಲೆ ಒಟ್ಟಿಗೆ ಇಟ್ಟುಕೊಳ್ಳುವುದು, ಬೇಕಾದಾಗ ಬದಲಾಯಿಸುವುದು, ಸೋತ ಮೇಲೆ ಮುಂದಿನ ಚಳಿಗಾಲಕ್ಕೆ ಮತ್ತೆ ಮೊದಲಿಂದ ಶುರು ಮಾಡುವುದು ಕೆಲವರಿಗೆ ಮಾತ್ರ ಒಲಿದಿದೆ.

ದೂರದಲ್ಲಿ ನಿಂತು ಕೂಗುವವರು ಅಂದಿರಲ್ಲ, ಅವರೇ ಸ್ಕಿಪ್, ತಂಡದ ನಾಯಕಿ. ಜೋನ್ಸ್ ಮಾಡುತ್ತಿದ್ದ ಕೆಲಸ ಅದು.

ಆಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಅಷ್ಟು ಬೇಕು. ಐಸ್ ಹಾಸು ಸುಮಾರು 45 ಮೀಟರ್ ಉದ್ದ, 5 ಮೀಟರ್‌ಗಿಂತ ಸ್ವಲ್ಪ ಕಡಿಮೆ ಅಗಲ. ಆ ತುದಿಯಲ್ಲಿ 12 ಅಡಿ ವ್ಯಾಸದ ವೃತ್ತ, ಅದಕ್ಕೆ ಹೌಸ್ ಅನ್ನುತ್ತಾರೆ. ನಟ್ಟನಡುವಿನ ಚುಕ್ಕೆಗೆ ಬಟನ್. ಒಂದೊಂದು ಕಲ್ಲೂ 19 ಕಿಲೋ ಆಸುಪಾಸು ತೂಗುತ್ತದೆ. ಒಲಿಂಪಿಕ್ಸ್ ಕಲ್ಲುಗಳ ಗ್ರಾನೈಟ್ ಬರುವುದು ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. ತಂಡದಲ್ಲಿ ನಾಲ್ವರು, ತಲಾ ಎರಡು ಕಲ್ಲು. ಎರಡೂ ತಂಡದವರು ಒಂದರ ನಂತರ ಒಂದರಂತೆ 16 ಕಲ್ಲು ಬಿಟ್ಟರೆ ಒಂದು ಎಂಡ್ ಮುಗಿಯಿತು. ಬಟನ್‌ಗೆ ಯಾರ ಕಲ್ಲು ಹತ್ತಿರ ಇದೆಯೋ ಅವರಿಗೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ನಮ್ಮದು ಎಷ್ಟಿವೆಯೋ ಅಷ್ಟು ಅಂಕ. ದೊಡ್ಡ ಪಂದ್ಯದಲ್ಲಿ ಹತ್ತು ಎಂಡ್. ಕೊನೆಯ ಕಲ್ಲು ಬಿಡುವ ಅವಕಾಶಕ್ಕೆ ಹ್ಯಾಮರ್ ಅನ್ನುತ್ತಾರೆ. ಅಂಕ ಗಳಿಸಿದವರು ಮುಂದಿನ ಎಂಡ್‌ನಲ್ಲಿ ಹ್ಯಾಮರ್ ಬಿಟ್ಟುಕೊಡಬೇಕು. ಯಾರಿಗೂ ಅಂಕ ಬರದಿದ್ದರೆ ಹ್ಯಾಮರ್ ಇದ್ದವರ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಒಂದು ಅಂಕ ಸಿಗುವ ಹಾಗಿದ್ದರೂ ಬೇಡವೆಂದು ಕೊನೆಯ ಕಲ್ಲನ್ನು ಬೇಕೆಂದೇ ಹೌಸ್‌ನಿಂದ ಆಚೆಗೆ ಕಳಿಸುವುದುಂಟು. ಮೊದಲ ಸಲ ನೋಡುವವರಿಗೆ ಇದು ತಪ್ಪು ಮಾಡಿದ ಹಾಗೆ ಕಾಣುತ್ತದೆ. ಮುಂದಿನ ಎಂಡ್‌ನಲ್ಲಿ ಎರಡು ಅಂಕ ತೆಗೆಯಲು ಹಾಕಿದ ಲೆಕ್ಕ ಅದು.

ಇನ್ನು ಆ ಉಜ್ಜುವುದು. ಐಸ್ ಮೇಲೆ ಆಟಕ್ಕೆ ಮುಂಚೆ ನೀರಿನ ಸಣ್ಣ ಹನಿ ಚಿಮುಕಿಸಿರುತ್ತಾರೆ, ಅವು ಗಟ್ಟಿಯಾಗಿ ಸಣ್ಣ ಸಣ್ಣ ಗುಳ್ಳೆಗಳ ಹಾಗೆ ಕೂರುತ್ತವೆ. ಕಲ್ಲು ಆ ಗುಳ್ಳೆಗಳ ಮೇಲೆ ಜಾರುತ್ತದೆ. ಬಿಡುವಾಗ ಕೈಯಲ್ಲಿ ಮೆಲ್ಲಗೆ ಒಂದು ತಿರುವು ಕೊಟ್ಟಿರುತ್ತಾರೆ, ಹಾಗಾಗಿ ವೇಗ ಇಳಿಯುತ್ತಾ ಬಂದಂತೆ ಕಲ್ಲು ಒಂದು ಕಡೆಗೆ ಬಾಗುತ್ತದೆ. ಬ್ರಷ್‌ನಿಂದ ಜೋರಾಗಿ ಉಜ್ಜಿದರೆ ಐಸ್ ಒಂಚೂರು ಬಿಸಿಯಾಗಿ ತಡೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ಕಡಿಮೆಯಾಗುತ್ತದೆ. ಕೈಬಿಟ್ಟ ಮೇಲೂ ಅದು ಎಲ್ಲಿ ನಿಲ್ಲಬೇಕು ಎಂಬುದನ್ನು ಇಪ್ಪತ್ತು ಚಿಲ್ಲರೆ ಸೆಕೆಂಡ್ ತಿದ್ದುತ್ತಲೇ ಇರಬಹುದು. ಉಜ್ಜುವವರು ವೇಗ ನೋಡಿ ಕೂಗುತ್ತಾರೆ, ದಿಕ್ಕು ಸ್ಕಿಪ್‌ಗೆ ಚೆನ್ನಾಗಿ ಕಾಣುತ್ತದೆ, ಅವರು ಆ ತುದಿಯಿಂದ ಕೂಗುತ್ತಾರೆ. ನಿಮಗೆ ಗಲಾಟೆಯಂತೆ ಕೇಳಿಸಿದ್ದು ಅದೇ.

ಈಗ ಜೋನ್ಸ್ ಹೆಸರು ಊರೂರಿಗೆ ಹಬ್ಬಿದ ದಿನಕ್ಕೆ ಬರೋಣ. 2005ರ ಫೆಬ್ರವರಿ, ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್. ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಫೈನಲ್. ಈ ಟೂರ್ನಿಯನ್ನು ಅಲ್ಲಿನವರು ಸುಮ್ನೆ ಹಾರ್ಟ್ಸ್ ಅನ್ನುತ್ತಾರೆ. ವಿನ್ನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ಪರ ಆಡಿದ ಜೋನ್ಸ್ ತಂಡದ ಎದುರು ಒಂಟಾರಿಯೊ ಪ್ರಾಂತ್ಯದ ಜೆನ್ ಹ್ಯಾನಾ. ಕೊನೆಯ ಎಂಡ್ ಶುರುವಾದಾಗ ಒಂಟಾರಿಯೊ 6, ಮ್ಯಾನಿಟೋಬಾ 4. ಹ್ಯಾಮರ್ ಜೋನ್ಸ್ ಕೈಯಲ್ಲಿದೆ. ಅಂದರೆ ಎರಡು ಅಂಕ ತೆಗೆದರೆ ಸಮ, ಮೂರು ತೆಗೆದರೆ ಗೆಲುವು.

ಕೈಯಲ್ಲಿ ಒಂದೇ ಕಲ್ಲು ಉಳಿದಾಗ ಒಂಟಾರಿಯೊದ ಕಲ್ಲು ನಡುವೆ ಕೂತಿತ್ತು. ಅದಕ್ಕೆ ನೇರವಾಗಿ ಹೊಡೆಯಲು ದಾರಿ ಸರಿಯಾಗಿ ಇರಲಿಲ್ಲ. ಪಕ್ಕಕ್ಕೆ, ದೂರದಲ್ಲಿ ಇನ್ನೊಂದು ಕಲ್ಲು ಇತ್ತು. ಜೋನ್ಸ್ ಆ ದೂರದ ಕಲ್ಲಿಗೆ ಗುರಿಯಿಟ್ಟರು. ಕೇರಂನಲ್ಲಿ ಸ್ಟ್ರೈಕರ್ ಒಂದು ಕಾಯಿಗೆ ಬಡಿದು ಅಡ್ಡ ಸರಿದು ಇನ್ನೊಂದನ್ನು ಹೊಡೆಯುತ್ತದಲ್ಲ, ಹಾಗೆ ಅವರ ಕಲ್ಲು ಪಕ್ಕದ ಕಲ್ಲಿಗೆ ತಾಗಿ, ಅಡ್ಡಲಾಗಿ ಒಳಗೆ ನುಗ್ಗಿ, ನಡುವಿನ ಒಂಟಾರಿಯೊ ಕಲ್ಲನ್ನು ಆಚೆ ತಳ್ಳಿತು. ನಾಲ್ಕು ಅಂಕ. 8-6. ಕೆನಡಾದಲ್ಲಿ ಇವತ್ತಿಗೂ 'ಆ ಶಾಟ್' ಅಂದರೆ ಸಾಕು, ಕರ್ಲಿಂಗ್ ಗೊತ್ತಿರುವವರಿಗೆ ಅದು ಯಾವುದು ಅಂತ ಗೊತ್ತಾಗುತ್ತದೆ.

ಎಲ್ಲರೂ ಆ ಒಂದು ಕಲ್ಲನ್ನೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅಲ್ಲಿ ಆಗಲೇ ಕೂತಿದ್ದ ಬೇರೆ ಕಲ್ಲುಗಳು. ನಾಲ್ಕು ಅಂಕ ಬರಬೇಕಾದರೆ ಮ್ಯಾನಿಟೋಬಾದ ನಾಲ್ಕು ಕಲ್ಲು ಹೌಸ್‌ನಲ್ಲಿ ಇರಬೇಕು. ಕೊನೆಯ ಕಲ್ಲು ಎಷ್ಟೇ ಚೆನ್ನಾಗಿ ಬಿದ್ದರೂ ಉಳಿದವು ಮೊದಲೇ ಅಲ್ಲಿ ಇರದಿದ್ದರೆ ಆ ಹೊಡೆತಕ್ಕೆ ಒಂದೇ ಅಂಕ ಸಿಗುತ್ತಿತ್ತು, ಪಂದ್ಯ ಸೋತಿರುತ್ತಿದ್ದರು. ಕ್ಯಾಥಿ ಗೋಥಿಯೆ, ಜಿಲ್ ಆಫೀಸರ್, ಕ್ಯಾಥಿ ಓವರ್ಟನ್-ಕ್ಲಾಪಮ್ ಅವರ ಜೊತೆ ಸೇರಿ ಇಡೀ ಎಂಡ್‌ನಲ್ಲಿ ಕಲ್ಲುಗಳನ್ನು ಒಳಗೆ ಉಳಿಸಿಕೊಳ್ಳುತ್ತಾ ಬಂದದ್ದರಿಂದ ಆ ಅವಕಾಶ ಹುಟ್ಟಿತು. ಎರಡು ಅಂಕ ಹಿಂದಿರುವಾಗ ಹೌಸ್ ತುಂಬ ಕಲ್ಲು ಬೇಕು, ಮುಂದಿರುವಾಗ ಹೌಸ್ ಖಾಲಿ ಇರಬೇಕು. ಹೇಳಲು ಸುಲಭ. ಯಾವ ಕಲ್ಲನ್ನು ಮುಟ್ಟದೆ ಬಿಡಬೇಕು ಎಂದು ಎಂಡ್‌ನ ಶುರುವಿನಲ್ಲೇ ತೀರ್ಮಾನಿಸುವುದು ಕಷ್ಟ, ಅಲ್ವಾ? ಸ್ಕಿಪ್‌ನ ಬುದ್ಧಿ ಕಾಣುವುದು ಅಲ್ಲಿ.

ಅಂದಹಾಗೆ, ಆ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಪದಕ ಸಿಗಲಿಲ್ಲ. ಮತ್ತೆ ರಾಷ್ಟ್ರೀಯ ಪಟ್ಟ ಬಂದದ್ದು ಮೂರು ವರ್ಷದ ಮೇಲೆ, 2008ರಲ್ಲಿ. ಆಮೇಲೆ 2009, 2010, ಸತತ ಮೂರು. ಐದು ವರ್ಷ ಬಿಟ್ಟು 2015, ಕೊನೆಯದಾಗಿ 2018. ಒಟ್ಟು ಆರು. ಇಷ್ಟೇ ಸಲ ಗೆದ್ದ ಇನ್ನೊಬ್ಬ ಸ್ಕಿಪ್ ನೋವಾ ಸ್ಕೋಷಿಯಾದ ಕೊಲೀನ್ ಜೋನ್ಸ್. ಹೆಸರು ಒಂದೇ ಆದರೂ ಇಬ್ಬರೂ ಸಂಬಂಧಿಕರಲ್ಲ. ಕೊಲೀನ್ 1982ರಲ್ಲಿ ಮೊದಲು ಗೆದ್ದರು, ಆಮೇಲೆ 1999ರವರೆಗೆ ಕಾದರು, ನಂತರ 2001ರಿಂದ 2004ರವರೆಗೆ ಬಿಡದೆ ನಾಲ್ಕು ವರ್ಷ ಗೆದ್ದರು. ಅವರ ಉದ್ಯೋಗ ಟಿವಿ ವರದಿಗಾರಿಕೆಯಾಗಿತ್ತು.

ಕೆನಡಾದಲ್ಲಿ ಚಾಂಪಿಯನ್ ಆಗುವುದು ಯಾಕೆ ಇಷ್ಟು ದೊಡ್ಡ ಮಾತು ಅಂತ ನಿಮಗೆ ಅನ್ನಿಸಬಹುದು. ಸಾಮಾನ್ಯವಾಗಿ ಮೊದಲು ಕ್ಲಬ್ ಮತ್ತು ಪ್ರಾಂತ್ಯದ ಮಟ್ಟದಲ್ಲಿ ಗೆದ್ದು ಬರಬೇಕು. ಮ್ಯಾನಿಟೋಬಾದಲ್ಲಿ ವಿಶ್ವ ಮಟ್ಟದ ತಂಡಗಳೇ ಹಲವು ಇದ್ದ ಕಾಲದಲ್ಲೂ ಹಾರ್ಟ್ಸ್‌ಗೆ ಹೋಗುತ್ತಿದ್ದದ್ದು ಪ್ರಾಂತ್ಯದ ಒಂದೇ ತಂಡ. ಅಲ್ಲಿ ಒಂದು ವಾರಕ್ಕಿಂತ ಜಾಸ್ತಿ ದಿನ ದೇಶದ ಬೇರೆ ಬೇರೆ ಪ್ರಾಂತ್ಯಗಳ ತಂಡಗಳ ಜೊತೆ ಆಡಬೇಕು. ಗೆದ್ದವರು ಕೆನಡಾ ಪರವಾಗಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ಇನ್ನೂ ಒಂದು ಅನುಕೂಲ ಇದೆ. ಈ ವರ್ಷ ಗೆದ್ದ ತಂಡ ಮುಂದಿನ ವರ್ಷ ಪ್ರಾಂತ್ಯದ ಸುತ್ತು ಆಡಬೇಕಾಗಿಲ್ಲ, 'ಟೀಮ್ ಕೆನಡಾ' ಹೆಸರಿನಲ್ಲಿ ನೇರವಾಗಿ ಹಾರ್ಟ್ಸ್‌ಗೆ ಬರುತ್ತದೆ. ಜೋನ್ಸ್ 2009, 2010ರಲ್ಲಿ ಪಟ್ಟ ಉಳಿಸಿಕೊಂಡದ್ದರಲ್ಲಿ ಈ ನಿಯಮದ ಸಹಾಯವೂ ಇತ್ತು. ಅದರಿಂದ ಅವರ ಸಾಧನೆ ಚಿಕ್ಕದಾಗುವುದಿಲ್ಲ. 2010ರ ಫೈನಲ್ ಹೆಚ್ಚುವರಿ ಎಂಡ್‌ವರೆಗೆ ಹೋಗಿತ್ತು, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಎದುರು 8-7.

ಒಲಿಂಪಿಕ್ಸ್ ದಾರಿ ಬೇರೆ. ಅದಕ್ಕೆ ಹಾರ್ಟ್ಸ್ ಗೆದ್ದರೆ ಸಾಲದು. ನಾಲ್ಕು ವರ್ಷಕ್ಕೊಮ್ಮೆ ಬೇರೆಯದೇ ಆಯ್ಕೆ ಟೂರ್ನಿ ನಡೆಯುತ್ತದೆ, ಅಲ್ಲಿ ಗೆಲ್ಲುವ ತಂಡ ಒಂದೇ. 2009ರಲ್ಲಿ ಜೋನ್ಸ್ ರಾಷ್ಟ್ರೀಯ ಚಾಂಪಿಯನ್ ಆಗಿದ್ದರೂ ಆ ಆಯ್ಕೆ ಟೂರ್ನಿಯಲ್ಲಿ ಸೋತರು. ವ್ಯಾಂಕೂವರ್ ಒಲಿಂಪಿಕ್ಸ್‌ಗೆ, ತಮ್ಮದೇ ದೇಶದಲ್ಲಿ ನಡೆದ ಒಲಿಂಪಿಕ್ಸ್‌ಗೆ, ಹೋಗಿದ್ದು ಶೆರಿಲ್ ಬರ್ನಾರ್ಡ್ ತಂಡ.

ಅದರ ಮುಂದಿನ ವಸಂತದಲ್ಲಿ ಜೋನ್ಸ್ ತಗೊಂಡ ನಿರ್ಧಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2010ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದ ಕೂಡಲೇ, ತಂಡ ತನ್ನ ಥರ್ಡ್ ಆಟಗಾರ್ತಿ ಕ್ಯಾಥಿ ಓವರ್ಟನ್-ಕ್ಲಾಪಮ್ ಅವರನ್ನು ಕೈಬಿಟ್ಟಿತು. ಥರ್ಡ್ ಅಂದರೆ ಸ್ಕಿಪ್‌ನ ಬಲಗೈ. ಸ್ಕಿಪ್ ಕಲ್ಲು ಬಿಡಲು ಬಂದಾಗ ಆ ತುದಿಯಲ್ಲಿ ನಿಂತು ದಾರಿ ತೋರಿಸುವವರು ಅವರೇ. ನಾಲ್ಕು ರಾಷ್ಟ್ರೀಯ ಪಟ್ಟಗಳಲ್ಲಿ ಜೊತೆಗಿದ್ದವರನ್ನು ಗೆದ್ದ ಬೆನ್ನಲ್ಲೇ ಬಿಡುವುದೇ? ಕೆನಡಾದಲ್ಲಿ ಬಹಳ ಜನ ಸಿಟ್ಟಾದರು. ಓವರ್ಟನ್-ಕ್ಲಾಪಮ್ ಸುಮ್ಮನೆ ಕೂರಲಿಲ್ಲ. ತಾವೇ ಸ್ಕಿಪ್ ಆಗಿ ಹೊಸ ತಂಡ ಕಟ್ಟಿ, ಮ್ಯಾನಿಟೋಬಾ ಗೆದ್ದು, 2011ರ ಹಾರ್ಟ್ಸ್‌ಗೆ ಬಂದು, ಅಲ್ಲಿ ಜೋನ್ಸ್ ತಂಡವನ್ನೇ ಸೋಲಿಸಿದರು! ಆ ವರ್ಷ ಜೋನ್ಸ್ ಫೈನಲ್‌ನಲ್ಲಿ ಸಸ್ಕಾಚೆವನ್‌ನ ಆಂಬರ್ ಹಾಲೆಂಡ್ ಎದುರು ಒಂದೇ ಅಂಕದಲ್ಲಿ ಸೋತರು.

ಓವರ್ಟನ್-ಕ್ಲಾಪಮ್ ಅವರ ಜಾಗಕ್ಕೆ ಬಂದವರು ಕೇಟ್ಲಿನ್ ಲಾಸ್, ಆಗಿನ್ನೂ ಇಪ್ಪತ್ತು ದಾಟಿದ ಹುಡುಗಿ, 2008 ಮತ್ತು 2009ರ ಜೂನಿಯರ್ ಚಾಂಪಿಯನ್ ತಂಡದ ಸ್ಕಿಪ್. ನನ್ನ ಅಭಿಪ್ರಾಯ ಹೇಳುತ್ತೇನೆ. ಹಳೆಯ ಗೆಳತಿಗೆ ಆದ ನೋವು ನಿಜ, ಅದನ್ನು ಸಮರ್ಥಿಸುವುದು ಕಷ್ಟ. ಆದರೆ ಆಟದ ಲೆಕ್ಕದಲ್ಲಿ ಜೋನ್ಸ್ ನಾಲ್ಕು ವರ್ಷ ಮುಂದೆ ನೋಡಿದರು. ಆಯ್ಕೆ ಟೂರ್ನಿಯಲ್ಲಿ ಸೋತ ತಂಡವನ್ನೇ ಹಾಗೇ ಇಟ್ಟುಕೊಂಡು ಇನ್ನೊಂದು ಸಲ ಪ್ರಯತ್ನ ಮಾಡುವುದು ಅವರಿಗೆ ಸುಲಭವಾಗಿತ್ತು, ಊರಿನವರೂ ಮೆಚ್ಚುತ್ತಿದ್ದರು. ಅವರು ಕಷ್ಟದ ದಾರಿ ಹಿಡಿದರು, ಬೈಸಿಕೊಂಡರು, ಮೂರು ವರ್ಷ ರಾಷ್ಟ್ರೀಯ ಪಟ್ಟ ಇಲ್ಲದೆ ಆಡಿದರು.

ಈ ನಡುವೆ 2012ರಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಆಗ ಅವರು ಗರ್ಭಿಣಿ. ನವೆಂಬರ್‌ನಲ್ಲಿ ಮೊದಲ ಮಗಳು ಹುಟ್ಟಿದಳು. ಅವರಿಲ್ಲದಾಗ ಲಾಸ್ ಸ್ಕಿಪ್ ಆಗಿ ತಂಡ ನಡೆಸಿದರು. ಕರ್ಲಿಂಗ್‌ನಲ್ಲಿ ಕಲ್ಲು ಬಿಡುವಾಗ ಒಂದು ಮಂಡಿಯನ್ನು ಪೂರ್ತಿ ಮಡಿಸಿ, ಆ ಕಾಲಿನ ಮೇಲೇ ಭಾರ ಹಾಕಿ ಜಾರಬೇಕು. ಮೊಣಕಾಲು ಕೆಟ್ಟರೆ ಆಟವೇ ಕೆಟ್ಟಿತು. ಆದರೂ ಕೆಲವೇ ತಿಂಗಳಲ್ಲಿ ವಾಪಸ್ ಬಂದು 2013ರ ಹಾರ್ಟ್ಸ್ ಫೈನಲ್ ತಲುಪಿದರು. ಅಲ್ಲಿ ರೇಚಲ್ ಹೋಮನ್ ಎದುರು ಸೋಲು. ಅದೇ ಡಿಸೆಂಬರ್‌ನಲ್ಲಿ ವಿನ್ನಿಪೆಗ್‌ನಲ್ಲೇ ಒಲಿಂಪಿಕ್ಸ್ ಆಯ್ಕೆ ಟೂರ್ನಿ ನಡೆಯಿತು. ತವರಿನ ಜನರ ಮುಂದೆ ಜೋನ್ಸ್ ಗೆದ್ದರು.

ಸೋಚಿಯಲ್ಲಿ ಆದದ್ದು ನಿಮ್ಮ ಮೊಮ್ಮಗಳಿಗೆ ಬಾಯಿಪಾಠ ಇರಬಹುದು. ಲೀಗ್‌ನಲ್ಲಿ ಒಂಬತ್ತಕ್ಕೆ ಒಂಬತ್ತು ಗೆಲುವು, ಸೆಮಿಫೈನಲ್‌ನಲ್ಲಿ ಬ್ರಿಟನ್ ಎದುರು 6-4, ಫೈನಲ್‌ನಲ್ಲಿ ಸ್ವೀಡನ್ ಎದುರು 6-3. ಹನ್ನೊಂದು ಪಂದ್ಯ, ಒಂದೂ ಸೋಲಿಲ್ಲ. ಒಲಿಂಪಿಕ್ಸ್‌ನಲ್ಲಿ ಹಾಗೆ ಗೆದ್ದ ಮೊದಲ ಮಹಿಳಾ ಸ್ಕಿಪ್ ಅವರು. ಪುರುಷರಲ್ಲಿ ಅದಕ್ಕೆ ನಾಲ್ಕು ವರ್ಷ ಮುಂಚೆ ಕೆನಡಾದವರೇ ಆದ ಕೆವಿನ್ ಮಾರ್ಟಿನ್ ಮಾಡಿದ್ದರು. ಫೈನಲ್ ಅಂಕ ನೋಡಿದರೆ ಸುಲಭದ ಗೆಲುವು ಅನ್ನಿಸುತ್ತದೆ. ಎಂಟು ಎಂಡ್ ಮುಗಿದಾಗ 3-3 ಸಮ ಇತ್ತು. ಒಂಬತ್ತನೇ ಎಂಡ್‌ನಲ್ಲಿ ಎರಡು, ಹತ್ತರಲ್ಲಿ ಒಂದು. ಕೊನೆಯ ಎಂಡ್‌ನಲ್ಲಿ ಹ್ಯಾಮರ್ ಸ್ವೀಡನ್ ಹತ್ತಿರ ಇದ್ದರೂ ಕೆನಡಾ ಅಂಕ ಕಿತ್ತುಕೊಂಡಿತು.

2018ರ ಕಥೆ ಇನ್ನೂ ಚೆನ್ನಾಗಿದೆ, ಆದರೆ ಅದನ್ನು ಕಡಿಮೆ ಜನ ಹೇಳುತ್ತಾರೆ. ಆ ವರ್ಷ ಒಲಿಂಪಿಕ್ಸ್‌ಗೆ ಮಿಶ್ರ ಡಬಲ್ಸ್ ಹೊಸದಾಗಿ ಸೇರಿತ್ತು. ಲಾಸ್ ಅದಕ್ಕೆ ಆಯ್ಕೆಯಾಗಿ, ಜಾನ್ ಮಾರಿಸ್ ಜೊತೆ ಪಿಯಾಂಗ್‌ಚಾಂಗ್‌ನಲ್ಲಿ ಚಿನ್ನ ಗೆದ್ದರು. ಹಾಗಾಗಿ ಹಾರ್ಟ್ಸ್‌ಗೆ ಜೋನ್ಸ್ ಹತ್ತಿರ ಥರ್ಡ್ ಇರಲಿಲ್ಲ. ಶ್ಯಾನನ್ ಬರ್ಚರ್ಡ್ ಎಂಬ ಆಟಗಾರ್ತಿಯನ್ನು ಆ ಒಂದು ಟೂರ್ನಿಗಾಗಿ ಕರೆದುಕೊಂಡರು. ಹೊಸಬರನ್ನು ಇಟ್ಟುಕೊಂಡು ಆರನೇ ಪಟ್ಟ. ನಂತರ ವಿಶ್ವ ಚಾಂಪಿಯನ್‌ಷಿಪ್‌ಗೆ ಲಾಸ್ ವಾಪಸ್. ಒಂಟಾರಿಯೊದ ನಾರ್ತ್ ಬೇಯಲ್ಲಿ ಒಂದೂ ಪಂದ್ಯ ಸೋಲದೆ, ಫೈನಲ್‌ನಲ್ಲಿ ಆಗಷ್ಟೇ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಸ್ವೀಡನ್‌ನ ಅನ್ನಾ ಹ್ಯಾಸೆಲ್‌ಬೋರ್ಗ್ ತಂಡವನ್ನು ಹೆಚ್ಚುವರಿ ಎಂಡ್‌ನಲ್ಲಿ ಸೋಲಿಸಿದರು. ಅದು ಅವರ ಎರಡನೇ ವಿಶ್ವ ಪಟ್ಟ, ಮೊದಲನೆಯದು 2008ರಲ್ಲಿ. ಅವರಿಗೆ ಆಸರೆಯಾಗಿ ಬಂದ ಬರ್ಚರ್ಡ್ ಕೂಡ ಸಾಮಾನ್ಯರಲ್ಲ. ಆಮೇಲೆ ಕೆರಿ ಐನಾರ್ಸನ್ ತಂಡದಲ್ಲಿ 2020ರಿಂದ ಸತತ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್ ಆದರು.

ಅಷ್ಟು ವರ್ಷ ಆಡಲು ಆಗುತ್ತಾ ಅಂತ ಕೇಳಿದ್ದೀರಿ. ಕರ್ಲಿಂಗ್‌ನಲ್ಲಿ ಓಟ, ಜಿಗಿತ ಇಲ್ಲದಿದ್ದರೂ ಉಜ್ಜುವುದು ಮೈ ಹಿಂಡುವ ಕೆಲಸ. ಒಂದು ಪಂದ್ಯ ಎರಡೂವರೆ ಗಂಟೆ ಎಳೆಯುತ್ತದೆ. ಟೂರ್ನಿಯಲ್ಲಿ ಒಂದೇ ದಿನ ಎರಡು ಪಂದ್ಯ ಬರುವುದೂ ಉಂಟು. ಲೀಡ್, ಸೆಕೆಂಡ್ ಸ್ಥಾನದವರು, ಅಂದರೆ ತಂಡದಲ್ಲಿ ಮೊದಲನೆಯವರಾಗಿ, ಎರಡನೆಯವರಾಗಿ ಕಲ್ಲು ಬಿಡುವವರು, ಹೆಚ್ಚು ಉಜ್ಜುತ್ತಾರೆ, ಅವರ ಭುಜ, ಬೆನ್ನು ಬೇಗ ಸವೆಯುತ್ತವೆ. ಸ್ಕಿಪ್‌ಗೆ ಉಜ್ಜುವ ಕೆಲಸ ಕಡಿಮೆ. ಐಸ್ ಓದುವ ಕಣ್ಣು ವಯಸ್ಸಾದಂತೆ ಚುರುಕಾಗುತ್ತಲೇ ಹೋಗುತ್ತದೆ. ಬೆಳಗ್ಗೆಯ ಐಸ್ ಸಂಜೆಗೆ ಹಾಗೇ ಇರುವುದಿಲ್ಲ. ಜನ ತುಂಬಿದರೆ, ಹೊರಗೆ ಹವೆ ಬದಲಾದರೆ, ಗುಳ್ಳೆಗಳು ಸವೆದರೆ ಕಲ್ಲು ಬೇರೆ ಥರ ಬಾಗುತ್ತದೆ. ಇದನ್ನು ಹಿಡಿಯಲು ಸಾವಿರಾರು ಎಂಡ್ ಆಡಿರಬೇಕು. ಅದಕ್ಕೇ 47ನೇ ವಯಸ್ಸಿನಲ್ಲಿ ಜೋನ್ಸ್ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗಲು ಸಾಧ್ಯವಾಯಿತು. 2021ರ ಆಯ್ಕೆ ಟೂರ್ನಿಯ ಫೈನಲ್‌ನಲ್ಲಿ ಅಲ್ಲಿಯವರೆಗೆ ಒಂದೂ ಸೋಲದೆ ಬಂದಿದ್ದ ಟ್ರೇಸಿ ಫ್ಲೂರಿ ತಂಡವನ್ನು ಹೆಚ್ಚುವರಿ ಎಂಡ್‌ನಲ್ಲಿ ಮಣಿಸಿದರು. ಬೀಜಿಂಗ್‌ನಲ್ಲಿ ಒಂಬತ್ತರಲ್ಲಿ ಐದು ಗೆದ್ದರೂ ಸೆಮಿಫೈನಲ್ ಸಿಗಲಿಲ್ಲ. ಅಷ್ಟೇ ಗೆಲುವು ಪಡೆದ ಬ್ರಿಟನ್ ಸೆಮಿಫೈನಲ್‌ಗೆ ಹೋಗಿ ಚಿನ್ನವನ್ನೇ ಗೆದ್ದಿತು. ಆಟ ಅಂದರೆ ಹೀಗೂ ಆಗುತ್ತದೆ.

ಬೀಜಿಂಗ್ ಆದ ಮೇಲೆ ಹಳೆಯ ತಂಡ ಚದುರಿತು. ಆಗ ಅವರು ಮಾಡಿದ ಕೆಲಸ ನನಗೆ ತುಂಬ ಇಷ್ಟ. ತಮಗಿಂತ ಇಪ್ಪತ್ತು ಚಿಲ್ಲರೆ ವರ್ಷ ಚಿಕ್ಕವರಾದ ಮೆಕೆಂಜಿ ಜಕರಾಯಸ್ ತಂಡದ ಹುಡುಗಿಯರ ಜೊತೆ ಸೇರಿದರು. ಆ ಹುಡುಗಿಯರು 2020ರ ಜೂನಿಯರ್ ವಿಶ್ವ ಚಾಂಪಿಯನ್ನರು. ಅವರ ಜೊತೆ 2023ರಲ್ಲಿ ಹಾರ್ಟ್ಸ್ ಫೈನಲ್, 2024ರಲ್ಲಿ ಮತ್ತೆ ಫೈನಲ್. 2024ರದ್ದು ತಮ್ಮ ಕೊನೆಯ ಹಾರ್ಟ್ಸ್ ಎಂದು ಮೊದಲೇ ಹೇಳಿದ್ದರು. ಕ್ಯಾಲ್ಗರಿಯಲ್ಲಿ ಹೋಮನ್ ಎದುರು 5-4ರಿಂದ ಸೋತರು. 49ನೇ ವಯಸ್ಸಿನಲ್ಲಿ, ದೇಶದ ಅತಿ ಬಲವಾದ ತಂಡದ ಎದುರು, ಒಂದೇ ಅಂಕ ಕಡಿಮೆ. ನಾಲ್ವರ ತಂಡದ ಆಟ ಅಲ್ಲಿಗೆ ಬಿಟ್ಟರು. ಗಂಡ ಬ್ರೆಂಟ್ ಲೇಯಿಂಗ್ ಕೂಡ ವಿಶ್ವ ಚಾಂಪಿಯನ್ ಕರ್ಲರ್. ಇಬ್ಬರೂ ಸೇರಿ ಮಿಶ್ರ ಡಬಲ್ಸ್ ಆಡುತ್ತಾ ಬಂದವರು.

ಹೊಟ್ಟೆ ತುಂಬುತ್ತಾ ಎಂಬುದಕ್ಕೆ ನೇರ ಉತ್ತರ: ಬಹಳ ಜನರಿಗೆ ಇಲ್ಲ. ಜೋನ್ಸ್ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ವಕೀಲೆಯಾಗಿ ಕೆಲಸ ಮಾಡುತ್ತಲೇ ಆಡಿದವರು. ಹಗಲು ಕಚೇರಿ, ಸಂಜೆ ಐಸ್, ವಾರಾಂತ್ಯಕ್ಕೆ ವಿಮಾನ ಹತ್ತಿ ಟೂರ್ನಿ. ಈಗ ಬಹುಮಾನದ ಟೂರ್ನಿಗಳು ಜಾಸ್ತಿಯಾಗಿವೆ, ಪ್ರಾಯೋಜಕರಿದ್ದಾರೆ, ಮೇಲಿನ ಮಟ್ಟದವರಿಗೆ ಸರ್ಕಾರದ ನೆರವೂ ಇದೆ. ಆದರೂ ಪ್ರಯಾಣ, ಐಸ್ ಬಾಡಿಗೆ, ಕೋಚ್ ಖರ್ಚು ಕಳೆದು ನಾಲ್ವರಿಗೆ ಹಂಚಿದರೆ ಉಳಿಯುವುದು ಕಡಿಮೆ. ಒಳ್ಳೆಯ ಆಟಗಾರ್ತಿಯರಲ್ಲಿ ನರ್ಸ್, ಶಿಕ್ಷಕಿ, ಬ್ಯಾಂಕ್ ನೌಕರರು ಈಗಲೂ ಸಿಗುತ್ತಾರೆ. ಇದನ್ನು ನಾನು ಕೊರತೆ ಅಂತ ಪೂರ್ತಿ ಹೇಳಲಾರೆ. ಓದು, ಕೆಲಸ ಬಿಡದೆ ದೇಶದ ಚಾಂಪಿಯನ್ ಆಗಲು ಸಾಧ್ಯವಿರುವ ಕ್ರೀಡೆ ಈಗ ಎಷ್ಟು ಉಳಿದಿವೆ?

ಜೋನ್ಸ್‌ಗಿಂತ ಮುಂಚೆ ಈ ದಾರಿಯಲ್ಲಿ ನಡೆದ ಒಬ್ಬರ ಹೆಸರನ್ನು ನಿಮ್ಮ ಮೊಮ್ಮಗಳಿಗೆ ಹೇಳಿ. ಸ್ಯಾಂಡ್ರಾ ಶ್ಮಿರ್ಲರ್. ಸಸ್ಕಾಚೆವನ್ ಪ್ರಾಂತ್ಯದ ಬಿಗ್ಗರ್ ಎಂಬ ಸಣ್ಣ ಊರಿನವರು. ರಿಜೈನಾ ನಗರದ ಈಜುಕೊಳವಿರುವ ಒಂದು ಮನರಂಜನಾ ಕೇಂದ್ರದಲ್ಲಿ ಮೇಲ್ವಿಚಾರಕಿ ಕೆಲಸ. ಜ್ಯಾನ್ ಬೆಟ್ಕರ್, ಜೋನ್ ಮೆಕಸ್ಕರ್, ಮಾರ್ಷಾ ಗುಡರೈಟ್ ಜೊತೆ 1993, 1994, 1997ರಲ್ಲಿ ಕೆನಡಾ ಚಾಂಪಿಯನ್, ಅದೇ ಮೂರೂ ವರ್ಷ ವಿಶ್ವ ಚಾಂಪಿಯನ್. 1997ರ ನವೆಂಬರ್‌ನಲ್ಲಿ ಬ್ರ್ಯಾಂಡನ್‌ನಲ್ಲಿ ಒಲಿಂಪಿಕ್ಸ್ ಆಯ್ಕೆ ಟೂರ್ನಿ ಆಡಿದಾಗ ಅವರ ಮೊದಲ ಮಗುವಿಗೆ ತಿಂಗಳುಗಳಷ್ಟೇ ವಯಸ್ಸು. ಅಲ್ಲಿಯ ಫೈನಲ್‌ನಲ್ಲಿ ಅವರೂ ಹೀಗೇ ಒಂದು ಕಲ್ಲಿಗೆ ತಾಗಿಸಿ ಒಳಗೆ ನುಗ್ಗಿಸುವ ಹೊಡೆತದಿಂದ ಮೂರು ಅಂಕ ತೆಗೆದರು. 1998ರಲ್ಲಿ ಕರ್ಲಿಂಗ್ ಪದಕದ ಕ್ರೀಡೆಯಾಗಿ ನಾಗಾನೊ ಒಲಿಂಪಿಕ್ಸ್‌ಗೆ ಬಂದಾಗ ಮಹಿಳೆಯರ ಮೊದಲ ಚಿನ್ನ ಅವರ ತಂಡಕ್ಕೆ. ಮರುವರ್ಷ ಎರಡನೇ ಮಗಳು ಹುಟ್ಟಿದಳು, ಅದಾದ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. 2000ದ ಮಾರ್ಚ್ 2ರಂದು ತೀರಿಕೊಂಡರು, 36 ವರ್ಷಕ್ಕೆ. ಅವರ ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನು ಕೆನಡಾದ ಟಿವಿ ನೇರ ಪ್ರಸಾರ ಮಾಡಿತು. ಅವರ ಹೆಸರಿನ ಪ್ರತಿಷ್ಠಾನ ಇವತ್ತಿಗೂ ಅವಧಿಗೆ ಮುಂಚೆ ಹುಟ್ಟಿದ, ಕಾಯಿಲೆ ಬಿದ್ದ ಹಸುಗೂಸುಗಳ ಆರೈಕೆಗಾಗಿ ಆಸ್ಪತ್ರೆಗಳಿಗೆ ಉಪಕರಣ ಕೊಡಿಸುತ್ತದೆ. ಯಾರು ದೊಡ್ಡವರು ಎಂಬ ಚರ್ಚೆಯಲ್ಲಿ 2019ರಲ್ಲಿ ಟಿಎಸ್‌ಎನ್ ವಾಹಿನಿ ನಡೆಸಿದ ಮತದಾನದಲ್ಲಿ ಜೋನ್ಸ್ ಅವರೇ ಕೆನಡಾದ ಶ್ರೇಷ್ಠ ಮಹಿಳಾ ಕರ್ಲರ್ ಎಂದು ಆಯ್ಕೆಯಾದರು. ನಾನೂ ಜೋನ್ಸ್ ಹೆಸರನ್ನೇ ಹೇಳುತ್ತೇನೆ. ಆದರೆ ಶ್ಮಿರ್ಲರ್‌ಗೆ ಇನ್ನೊಂದು ಹತ್ತು ವರ್ಷ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂಬ ಸಂಕಟ ಹೋಗುವುದಿಲ್ಲ.

ಇನ್ನು ಮೊಮ್ಮಗಳ ವಿಷಯ. ಹತ್ತು ವರ್ಷ ಒಳ್ಳೆಯ ವಯಸ್ಸು. ಕೆನಡಾದ ಕ್ಲಬ್‌ಗಳಲ್ಲಿ ಚಿಕ್ಕ ಮಕ್ಕಳಿಗೆ ಅರ್ಧದಷ್ಟು ತೂಕದ ಕಲ್ಲು ಕೊಡುತ್ತಾರೆ, ಆ ಗುಂಪಿಗೆ ಲಿಟಲ್ ರಾಕ್ಸ್ ಅನ್ನುತ್ತಾರೆ. ಈಗಲೇ ಅವಳನ್ನು ಸ್ಕಿಪ್ ಮಾಡಿ ಅಂತ ಕೋಚ್ ಹಿಂದೆ ಬೀಳಬೇಡಿ ಎಂದು ಮಗಳಿಗೆ ಹೇಳಿ. ಲೀಡ್ ಆಗಿ, ಸೆಕೆಂಡ್ ಆಗಿ, ಎಲ್ಲ ಸ್ಥಾನದಲ್ಲೂ ಆಡಲಿ. ಉಜ್ಜಿ ಉಜ್ಜಿ ಕಲ್ಲಿನ ವೇಗ ಕಣ್ಣಿಗೆ ಕೂತ ಮೇಲೆ ನಾಯಕಿಯಾಗುವುದು ಸುಲಭ. ಹೆಲ್ಮೆಟ್ ಕಡ್ಡಾಯವಾಗಿ ಹಾಕಿಕೊಳ್ಳಲಿ, ಐಸ್ ಮೇಲೆ ಹಿಂದಕ್ಕೆ ಬಿದ್ದರೆ ತಲೆಯ ಹಿಂಭಾಗಕ್ಕೆ ಪೆಟ್ಟಾಗುತ್ತದೆ. ದುಬಾರಿ ಬೂಟು ಮೊದಲ ವರ್ಷ ಬೇಡ, ಕಾಲು ಬೆಳೆಯುವ ವಯಸ್ಸು. ಮಾಮೂಲಿ ಶೂ ಮೇಲೆ ಹಾಕಿಕೊಳ್ಳುವ ಜಾರುವ ಅಟ್ಟೆ ಕ್ಲಬ್‌ನಲ್ಲೇ ಸಿಗುತ್ತದೆ. ಓದು ಬಿಡಿಸುವ ಪ್ರಶ್ನೆ ಈ ಆಟದಲ್ಲಿ ಹುಟ್ಟುವುದೇ ಇಲ್ಲ. ನೀವು ಚಳಿಗಾಲದಲ್ಲಿ ಅಲ್ಲಿಗೆ ಹೋದರೆ ಕ್ಲಬ್‌ನ ಗಾಜಿನ ಹಿಂದೆ ಕೂತು ನೋಡಬಹುದು, ಅಲ್ಲಿ ಬೆಚ್ಚಗಿರುತ್ತದೆ, ಕಾಫಿಯೂ ಸಿಗುತ್ತದೆ. ಐಸ್ ಪಕ್ಕದಲ್ಲೇ ನಿಲ್ಲುವ ಆಸೆಯಿದ್ದರೆ ಸ್ವೆಟರ್ ಹಾಕಿಕೊಂಡು ಹೋಗಿ.